ದೊಡ್ಡಪ್ಪನ ಡೇರೆ, ಸತ್ಯದ ಬಾಗಿಲು: ‘ಅವತಾರ್’ ಮತ್ತು ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಜೊತೆಗಿಟ್ಟು ನೋಡಿದರೆ

ಅಮೆರಿಕದ ಆ್ಯಕ್ಷನ್ ಕಾರ್ಟೂನು, ಜಪಾನಿನ ಅನಿಮೆ – ಇವೆರಡರಲ್ಲಿ ಯಾವುದರ ಕಥೆಗೆ ಆಳ ಹೆಚ್ಚು ಎಂಬ ವಾದದಲ್ಲಿ ತಕ್ಕಡಿಯೇ ಸಾಮಾನ್ಯವಾಗಿ ಸರಿಯಿರುವುದಿಲ್ಲ. ಒಂದು ತಟ್ಟೆಯಲ್ಲಿ ಆಟಿಕೆ ಮಾರಲೆಂದೇ ಮಾಡಿದ ಎಂಬತ್ತರ ದಶಕದ ಕಾರ್ಟೂನು, ಇನ್ನೊಂದರಲ್ಲಿ ಜಪಾನು ಇಪ್ಪತ್ತು ವರ್ಷಕ್ಕೊಮ್ಮೆ ಕೊಡುವಂಥ ಕೃತಿ. ಹಾಗೆ ತೂಗಿದರೆ ಫಲಿತಾಂಶ ಮೊದಲೇ ಗೊತ್ತು. ಅದಕ್ಕೇ ಇಲ್ಲಿ ಒಂದೇ ಗಾತ್ರದ, ಒಂದೇ ಕಾಲದ ಎರಡು ಸರಣಿಗಳನ್ನು ಎತ್ತಿಕೊಂಡಿದ್ದೇವೆ. ನಿಕೆಲೋಡಿಯನ್ ಚಾನೆಲ್ಲಿನ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ 2005ರಿಂದ 2008ರವರೆಗೆ ಬಂತು, 3 ಸೀಸನ್, 61 ಕಂತು. ಬೋನ್ಸ್ ಸ್ಟುಡಿಯೋದ ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ 2009ರ ಏಪ್ರಿಲ್‌ನಿಂದ 2010ರ ಜುಲೈವರೆಗೆ, 64 ಕಂತು. ಎರಡರಲ್ಲೂ ನಾಯಕರು ಇನ್ನೂ ಮೀಸೆ ಮೂಡದ ಹುಡುಗರು. ಎರಡರಲ್ಲೂ ಹಿನ್ನೆಲೆಗೆ ಒಂದು ಇಡೀ ಜನಾಂಗದ ನಾಶವಿದೆ. ಎರಡೂ ಶುರುವಾಗಿ, ಬೆಳೆದು, ಮುಗಿಯುತ್ತವೆ. ಎಳೆದು ಎಳೆದು ಸಾಯುವ ಜಾತಿಯವಲ್ಲ.

ಕಥೆಯ ತಿರುವುಗಳನ್ನೆಲ್ಲ ಬಿಚ್ಚಿಡದೆ ಈ ಹೋಲಿಕೆ ಸಾಧ್ಯವಿಲ್ಲ. ಇನ್ನೂ ನೋಡಿಲ್ಲದವರು ಕೊನೆಯ ಭಾಗಕ್ಕೆ ಹೋಗಿ, ಯಾವ ಕಂತಿನಿಂದ ಶುರು ಮಾಡಬೇಕು, ಏನು ಬಿಡಬಹುದು ಎಂಬುದನ್ನು ಮಾತ್ರ ಓದಿಕೊಂಡರೆ ಒಳ್ಳೆಯದು.

ಆಳ ಅಂದರೆ ಏನು ಅನ್ನುವುದು ಮೊದಲು ಸ್ಪಷ್ಟವಾಗಲಿ. ರಕ್ತ ಹರಿದರೆ ಆಳವಲ್ಲ. ಪಾತ್ರಗಳು ತತ್ತ್ವಜ್ಞಾನ ಮಾತಾಡಿದರೂ ಅಲ್ಲ. ಒಂದು ಪಾತ್ರ ತಪ್ಪು ಮಾಡಿದಾಗ ಅದು ಕಥೆಯ ಲೆಕ್ಕದ ಪುಸ್ತಕದಲ್ಲಿ ಸಾಲವಾಗಿ ಉಳಿಯುತ್ತದೆಯೇ? ಮುಂದೆ ಬಡ್ಡಿ ಸಮೇತ ವಸೂಲಾಗುತ್ತದೆಯೇ? ಅಥವಾ ಮುಂದಿನ ವಾರದ ಕಂತಿಗೆ ಎಲ್ಲರೂ ಮರೆತು ನಗುತ್ತಿರುತ್ತಾರೆಯೇ? ನಮ್ಮ ಅಳತೆ ಇದೊಂದೇ.

ಈ ಅಳತೆಯಲ್ಲಿ ‘ಅವತಾರ್’ನ ಅತ್ಯಂತ ಗಟ್ಟಿ ಭಾಗ ನಾಯಕ ಆಂಗ್ ಅಲ್ಲ, ಅವನನ್ನು ಬೆನ್ನಟ್ಟಿ ಬರುವ ಅಗ್ನಿರಾಷ್ಟ್ರದ ರಾಜಕುಮಾರ ಝೂಕೋ. ಮೊದಲ ಸೀಸನ್ನಿನ 12ನೇ ಕಂತು ‘ದಿ ಸ್ಟಾರ್ಮ್’ನಲ್ಲಿ ಅವನ ಮುಖದ ಸುಟ್ಟ ಗಾಯದ ಕಥೆ ಹೊರಬೀಳುತ್ತದೆ. ಹೊಸದಾಗಿ ಸೇರಿದ ಸೈನಿಕರನ್ನು ಬಲಿ ಕೊಡುವ ಯೋಜನೆಯನ್ನು ಹದಿಮೂರರ ಹುಡುಗ ಸಭೆಯಲ್ಲಿ ಪ್ರಶ್ನಿಸಿದ. ಸೇನಾಪತಿಯ ಜೊತೆ ದ್ವಂದ್ವಯುದ್ಧ ಅಂದುಕೊಂಡು ತಿರುಗಿ ನೋಡಿದರೆ ಎದುರಿಗೆ ನಿಂತಿದ್ದು ತಂದೆ. ಹುಡುಗ ಕೈಮುಗಿದು ಬೇಡಿಕೊಂಡ. ತಂದೆ ಮುಖ ಸುಟ್ಟು, ದೇಶದಿಂದ ಹೊರಗೆ ಹಾಕಿದ. ಈ ಕಥೆ ಕೇಳಿದ ಮೇಲೆ ಝೂಕೋ ಇನ್ನೇನು ಎರಡು ಕಂತಿನಲ್ಲಿ ಒಳ್ಳೆಯವನಾಗುತ್ತಾನೆ ಅಂತ ಅನಿಸುತ್ತದೆ. ಆಗುವುದಿಲ್ಲ. ಎರಡನೇ ಸೀಸನ್ನಿನ 7ನೇ ಕಂತಿನಲ್ಲಿ ಅವನು ಒಬ್ಬನೇ ಒಂದು ಹಳ್ಳಿಗೆ ಬರುತ್ತಾನೆ. ಅಲ್ಲಿನ ಒಬ್ಬ ಹುಡುಗನನ್ನು ಪುಂಡ ಸೈನಿಕರಿಂದ ಕಾಪಾಡುತ್ತಾನೆ, ಕಾಪಾಡುವ ಭರದಲ್ಲಿ ತಾನು ಯಾರು ಅಂತ ಹೇಳಿಬಿಡುತ್ತಾನೆ. ಮಾಮೂಲಿ ಕಾರ್ಟೂನಿನಲ್ಲಿ ಹುಡುಗ ಓಡಿ ಬಂದು ತಬ್ಬಿಕೊಳ್ಳುತ್ತಿದ್ದ. ಇಲ್ಲಿ ಅದೇ ಹುಡುಗ ದ್ವೇಷದಿಂದ ಮುಖ ತಿರುಗಿಸುತ್ತಾನೆ, ಕೊಟ್ಟ ಚೂರಿಯನ್ನೂ ಬೇಡ ಅನ್ನುತ್ತಾನೆ. ಒಂದು ಒಳ್ಳೆಯ ಕೆಲಸ ಮಾಡಿದ ಮಾತ್ರಕ್ಕೆ ವಂಶದ ಸಾಲ ತೀರುವುದಿಲ್ಲ.

ಆ ಸೀಸನ್ನಿನ ಕೊನೆಯಲ್ಲಿ, ಎಲ್ಲ ಸೂಚನೆಗಳೂ ಅವನು ಬದಲಾದ ಅಂತ ಹೇಳುತ್ತಿರುವಾಗ, ಝೂಕೋ ತಂಗಿ ಅಝೂಲಾಳ ಕಡೆ ಸೇರಿ ತನ್ನನ್ನು ಸಾಕಿದ ಐರೋಗೇ ದ್ರೋಹ ಮಾಡುತ್ತಾನೆ. ಬರಹಗಾರರು ಇಲ್ಲಿ ತೋರಿಸಿದ ಧೈರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಮೂರನೇ ಸೀಸನ್ನಿನ ಮೊದಲರ್ಧದಲ್ಲಿ ಅವನು ಬಯಸಿದ್ದೆಲ್ಲ ಸಿಕ್ಕಿದೆ: ಅರಮನೆ, ಮಾನ, ತಂದೆಯ ಮೆಚ್ಚುಗೆ. ಸಿಕ್ಕ ಮೇಲೆ ಅದು ಅರಗುವುದಿಲ್ಲ. ಒಟ್ಟು ಲೆಕ್ಕದಲ್ಲಿ 52ನೇ ಕಂತಿಗೆ ಅವನು ಆಂಗ್‌ನ ಗುಂಪಿನ ಬಾಗಿಲಿಗೆ ಬರುತ್ತಾನೆ. ಅಲ್ಲೂ ಕ್ಷಮೆ ಒಟ್ಟಿಗೆ ಸಿಗುವುದಿಲ್ಲ. ಆಂಗ್‌ನ ಜೊತೆ ಒಂದು ಕಂತು, ಗುಂಪಿನ ಸೊಕ್ಕಾನ ಜೊತೆ ಎರಡು, ಅವನ ತಂಗಿ ಕಟಾರಾಳ ಜೊತೆ ಒಂದು. ಒಬ್ಬೊಬ್ಬರ ಬಾಕಿಯನ್ನೂ ಬೇರೆ ಬೇರೆಯಾಗಿ, ಅವರವರು ಕೇಳಿದ ನಾಣ್ಯದಲ್ಲೇ ತೀರಿಸಬೇಕು. ಇಷ್ಟು ಅಚ್ಚುಕಟ್ಟಾದ ಪಶ್ಚಾತ್ತಾಪದ ಲೆಕ್ಕ ‘ಬ್ರದರ್‌ಹುಡ್’ನಲ್ಲೂ ಇಲ್ಲ.

ಕೊನೆಯ ಬಾಕಿ ಐರೋನದ್ದು. ಡೇರೆಯೊಳಗೆ ಐರೋ ಮಲಗಿದ್ದಾನೆ, ಗೊರಕೆ ಹೊಡೆಯುತ್ತಿದ್ದಾನೆ. ಝೂಕೋ ಎಬ್ಬಿಸದೆ ಬೆಳಗಾಗುವವರೆಗೆ ಪಕ್ಕದಲ್ಲಿ ಕೂತು ಕಾಯುತ್ತಾನೆ. ಎಚ್ಚರವಾದ ಮೇಲೆ ಅಳುತ್ತಾ ಕ್ಷಮೆ ಕೇಳಲು ಶುರು ಮಾಡಿದರೆ, ಮಾತು ಮುಗಿಯುವ ಮೊದಲೇ ಐರೋ ಅವನನ್ನು ಎಳೆದು ಅಪ್ಪಿಕೊಳ್ಳುತ್ತಾನೆ.

ಇಂಗ್ಲಿಷಿನಲ್ಲಿ ನೋಡುವಾಗ ಒಂದು ಸೂಕ್ಷ್ಮ ತಪ್ಪಿಹೋಗುತ್ತದೆ. ಅಲ್ಲಿ ಝೂಕೋ ಐರೋನನ್ನು ಕರೆಯುವುದು ‘ಅಂಕಲ್’ ಅಂತ. ಮಾವನೋ, ಚಿಕ್ಕಪ್ಪನೋ, ಪಕ್ಕದ ಮನೆಯವರೋ, ಎಲ್ಲರಿಗೂ ಸಲ್ಲುವ ಪದ ಅದು. ಆದರೆ ಐರೋ ಅವನ ತಂದೆ ಓಝಾಯ್‌ಗೆ ಅಣ್ಣ. ಹಿರಿಯ ಮಗ, ಸಿಂಹಾಸನ ಅವನಿಗೆ ಸಲ್ಲಬೇಕಿತ್ತು. ಅಂದರೆ ಝೂಕೋಗೆ ಅವನು ದೊಡ್ಡಪ್ಪ. ಕನ್ನಡದಲ್ಲಿ ಹಾಗೆ ಹೇಳಿಕೊಂಡ ತಕ್ಷಣ ಆಸ್ತಿಯ ಜಗಳ, ತಮ್ಮ ಅಣ್ಣನ ಪಾಲು ನುಂಗಿದ್ದು ಎಲ್ಲ ಒಂದೇ ಪದದಲ್ಲಿ ಬಂದುಬಿಡುತ್ತದೆ. ಮೂರನೇ ಸೀಸನ್ನಿನ ಗ್ರಹಣದ ಕಂತಿನಲ್ಲಿ ಝೂಕೋ ತಂದೆಯ ಎದುರು ನಿಂತು, ನನಗೆ ನಿಜವಾದ ಅಪ್ಪನಾಗಿದ್ದವನು ಐರೋ ಎಂಬರ್ಥದ ಮಾತಾಡುತ್ತಾನೆ. ನಮ್ಮ ಪದದೊಳಗೆ ಆ ಅಪ್ಪ ಮೊದಲಿನಿಂದಲೇ ಇದ್ದಾನೆ. ‘ಅಂಕಲ್’ ಅಂತ ಕಿವಿಗೆ ಬಿದ್ದಾಗಲೆಲ್ಲ ‘ದೊಡ್ಡಪ್ಪ’ ಅಂದುಕೊಂಡು ನೋಡಿ, ಕಥೆ ಬೇರೆಯೇ ತೂಕದಲ್ಲಿ ಬರುತ್ತದೆ.

ಈಗ ಜಪಾನಿನ ಕಡೆಗೆ. ‘ಬ್ರದರ್‌ಹುಡ್’ ಆಧರಿಸಿರುವುದು ಹಿರೋಮು ಅರಾಕಾವಾ 2001ರಿಂದ 2010ರವರೆಗೆ ಬರೆದು ಮುಗಿಸಿದ 27 ಸಂಪುಟಗಳ ಮಾಂಗಾವನ್ನು, ಅಂದರೆ ಜಪಾನಿ ಚಿತ್ರಕಥೆಯನ್ನು. ಆಕೆ ಬೆಳೆದದ್ದು ಹೊಕ್ಕೈಡೋದ ಹೈನು ಸಾಕುವ ಮನೆತನದಲ್ಲಿ. ಏನಾದರೂ ಬೇಕಾದರೆ ಏನಾದರೂ ಕೊಡಬೇಕು ಎಂಬ ಕಥೆಯ ಮೂಲಸೂತ್ರಕ್ಕೆ ಆ ಮಣ್ಣಿನ ವಾಸನೆಯಿದೆ. ಎಡ್ವರ್ಡ್ ಮತ್ತು ಆಲ್ಫಾನ್ಸ್ ಎಂಬ ಅಣ್ಣ ತಮ್ಮ ಸತ್ತ ತಾಯಿಯನ್ನು ರಸವಿದ್ಯೆಯಿಂದ ಮರಳಿ ತರಲು ಹೋಗುತ್ತಾರೆ. ಎಡ್‌ನ ಎಡಗಾಲು ಹೋಗುತ್ತದೆ, ತಮ್ಮನ ದೇಹವೇ ಹೋಗುತ್ತದೆ. ತಮ್ಮನ ಆತ್ಮವನ್ನು ಒಂದು ಲೋಹದ ಕವಚಕ್ಕೆ ಕಟ್ಟಿಹಾಕಲು ಎಡ್ ಬಲಗೈಯನ್ನೂ ತೆರುತ್ತಾನೆ. ಕಥೆ ಶುರುವಾಗುವುದೇ ಸಾಲದಿಂದ. ಎಡ್ ಎರಡು ಅಂಗೈ ಸೇರಿಸಿ ಚಪ್ಪಾಳೆ ತಟ್ಟಿ ವಿದ್ಯೆ ಪ್ರಯೋಗಿಸುವುದನ್ನು ಮೊದಲ ಕಂತಿನಲ್ಲಿ ಬೆರಗಿನಿಂದ ನೋಡುತ್ತೇವೆ. ಆ ಚಪ್ಪಾಳೆಗೆ ಅವನು ತೆತ್ತ ಬೆಲೆ ಎರಡನೇ ಕಂತಿನಲ್ಲಿ ತಿಳಿಯುತ್ತದೆ. ಆಮೇಲೆ ಪ್ರತಿ ಹೊಡೆದಾಟದಲ್ಲೂ ಆ ಸದ್ದು ಬೇರೆಯಾಗಿಯೇ ಕೇಳಿಸುತ್ತದೆ.

ನಾಲ್ಕನೇ ಕಂತನ್ನು ಹತ್ತಿರದಿಂದ ನೋಡಬೇಕು. ಸರ್ಕಾರಿ ರಸವಿದ್ಯಾ ಪಂಡಿತ ಟಕ್ಕರ್, ಅವನ ಪುಟ್ಟ ಮಗಳು ನೀನಾ, ಅವರ ನಾಯಿ. ಹುಡುಗರು ಅಲ್ಲಿ ಓದಲು ಬರುತ್ತಾರೆ, ಮಗುವಿನ ಜೊತೆ ಆಡುತ್ತಾರೆ. ಟಕ್ಕರ್ ಎರಡು ವರ್ಷದ ಹಿಂದೆ ಮಾತಾಡುವ ಪ್ರಾಣಿಯೊಂದನ್ನು ಸೃಷ್ಟಿಸಿ ಸರ್ಕಾರಿ ಪದವಿ ಗಳಿಸಿದ. ಅವನ ಹೆಂಡತಿ ಮನೆ ಬಿಟ್ಟು ಹೋಗಿದ್ದೂ ಎರಡು ವರ್ಷದ ಹಿಂದೆ. ಈ ಎರಡು ವಿಷಯಗಳನ್ನು ಕಂತು ಬೇರೆ ಬೇರೆ ಕಡೆ, ಒತ್ತಿ ಹೇಳದೆ ಬಿಟ್ಟಿರುತ್ತದೆ. ವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ಟಕ್ಕರ್ ಹೊಸ ಪ್ರಾಣಿಯೊಂದನ್ನು ತೋರಿಸುತ್ತಾನೆ. ಅದು ತಡವರಿಸುತ್ತಾ ಎಡ್‌ನನ್ನು ಕರೆಯುತ್ತದೆ. ಜಪಾನಿ ಧ್ವನಿಯಲ್ಲಿ ಆ ಪದ ‘ಓನೀಚಾನ್’, ಅಂದರೆ ಅಣ್ಣ. ಮಗು ಆಡುವಾಗ ಕರೆಯುತ್ತಿದ್ದದ್ದೂ ಅದೇ ಪದದಿಂದ. ಎಡ್‌ಗೆ ಲೆಕ್ಕ ಹೊಂದಿಕೊಳ್ಳಲು ಅಷ್ಟು ಸಾಕು. ಇಂಗ್ಲಿಷ್ ಡಬ್ಬಿಂಗಿನಲ್ಲಿ ಈ ಸಂಬೋಧನೆ ಕೃತಕವಾಗುತ್ತದೆ, ಯಾಕೆಂದರೆ ಆ ಭಾಷೆಯಲ್ಲಿ ಯಾರೂ ಅಣ್ಣನನ್ನು ಹಾಗೆ ಕರೆಯುವುದಿಲ್ಲ. ನಾವು ದಿನವೂ ಕರೆಯುತ್ತೇವೆ. ಆಲ್ಫಾನ್ಸ್ ಇಡೀ ಸರಣಿಯಲ್ಲಿ ಎಡ್‌ನನ್ನು ‘ನೀಸಾನ್’ ಅಂತಲೇ ಕೂಗುತ್ತಾನೆ. ಕನ್ನಡದ ಕಿವಿಗೆ ಜಪಾನಿ ಧ್ವನಿಯೇ ಹತ್ತಿರ ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಎಡ್ ಆಗಿ ರೋಮಿ ಪಾರ್ಕ್, ಆಲ್ ಆಗಿ ರಿಯೆ ಕುಗಿಮಿಯಾ ಮಾತಾಡಿದ್ದಾರೆ. ಇಬ್ಬರೂ ಹೆಂಗಸರು ಅನ್ನುವುದು ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ.

ನೀನಾಳನ್ನು ಹುಡುಗರಿಗೆ ಉಳಿಸಲಾಗುವುದಿಲ್ಲ, ಕಥೆಯೂ ಮರೆಯುವುದಿಲ್ಲ. ಆಲ್‌ನ ದೇಹ ಮರಳಿ ಪಡೆಯಲು ಸುಲಭದ ಅಡ್ಡದಾರಿ ಎದುರಾದಾಗಲೆಲ್ಲ ಈ ಮಗುವಿನ ನೆರಳು ಹಿಂದೆ ನಿಂತಿರುತ್ತದೆ.

ಯುದ್ಧದ ವಿಷಯಕ್ಕೆ ಬಂದರೆ ಜಪಾನಿನ ತಟ್ಟೆ ಸ್ಪಷ್ಟವಾಗಿ ಕೆಳಗಿಳಿಯುತ್ತದೆ. ‘ಅವತಾರ್’ನ ಮೂರನೇ ಕಂತಿನಲ್ಲೇ, ನೂರು ವರ್ಷ ಮಂಜುಗಡ್ಡೆಯೊಳಗೆ ನಿದ್ರಿಸಿ ಎದ್ದ ಆಂಗ್ ತನ್ನ ಗುರುವಿನ ಅಸ್ಥಿಪಂಜರವನ್ನು, ಸುತ್ತ ಬಿದ್ದಿರುವ ಶತ್ರು ಸೈನಿಕರ ಕವಚಗಳನ್ನು ನೋಡುತ್ತಾನೆ. ಮಕ್ಕಳ ಚಾನೆಲ್ಲಿಗೆ ಅದು ದೊಡ್ಡ ಮಾತು. ಆದರೆ ಆ ಹತ್ಯಾಕಾಂಡ ನೂರು ವರ್ಷ ಹಿಂದಿನದು. ಮಾಡಿದವರು ಮುಖವಾಡ ತೊಟ್ಟವರು, ಸತ್ತುಹೋದವರು. ‘ಬ್ರದರ್‌ಹುಡ್’ನ 30ನೇ ಕಂತು ಇಶ್ವಾಲ್ ಜನರನ್ನು ಸರ್ಕಾರಿ ಸೇನೆ ನಿರ್ನಾಮ ಮಾಡಿದ ಯುದ್ಧವನ್ನು ತೋರಿಸುವಾಗ ಕೊಲ್ಲುತ್ತಿರುವವರು ನಮಗೆ ಇಷ್ಟವಾದ ಪಾತ್ರಗಳೇ. ಬೆಂಕಿ ಹಚ್ಚುವವನು ಸೇನಾಧಿಕಾರಿ ಮಸ್ಟಾಂಗ್, ಗುರಿಯಿಟ್ಟು ಹೊಡೆಯುವವಳು ಅವನ ಸಹಾಯಕಿ ಹಾಕ್‌ಐ. ಆ ಬೆಂಕಿಯ ವಿದ್ಯೆಯ ಗುಟ್ಟು ಹಾಕ್‌ಐಳ ಬೆನ್ನ ಮೇಲೆ ಹಚ್ಚೆಯಾಗಿತ್ತು. ಯುದ್ಧವಾದ ಮೇಲೆ ಅದನ್ನು ಸುಟ್ಟುಹಾಕು ಅಂತ ಅವಳೇ ಕೇಳಿಕೊಳ್ಳುತ್ತಾಳೆ. ಹೀಗೆ ನೋಡುಗರನ್ನೇ ಇಕ್ಕಟ್ಟಿಗೆ ಸಿಕ್ಕಿಸುವ ಕೆಲಸವನ್ನು ‘ಅವತಾರ್’ ಮಾಡಲಿಲ್ಲ. ಆ ಚಾನೆಲ್ಲಿನಲ್ಲಿ ಮಾಡುವುದು ಸಾಧ್ಯವೂ ಇರಲಿಲ್ಲ.

ಸೇಡಿನ ಪ್ರಶ್ನೆಯಲ್ಲಿ ಮಾತ್ರ ಎರಡೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ತಾಯಿಯನ್ನು ಕೊಂದವನು ಎದುರಿಗೆ ಸಿಕ್ಕಾಗ ಕಟಾರಾ ಕೊಲ್ಲುವುದಿಲ್ಲ, ಕ್ಷಮಿಸುವುದೂ ಇಲ್ಲ. ತಂದೆ ತಾಯಿಯನ್ನು ಕೊಂದ ಸ್ಕಾರ್ ಎಂಬವನ ಎದುರು ಹುಡುಗರ ಬಾಲ್ಯದ ಗೆಳತಿ ವಿನ್ರಿಯೂ ಅಷ್ಟೇ: 22ನೇ ಕಂತಿನಲ್ಲಿ ಪಿಸ್ತೂಲು ಹಿಡಿದ ಕೈ ನಡುಗುತ್ತದೆ, ಗುಂಡು ಹಾರುವುದಿಲ್ಲ. ಬಹಳ ಮುಂದೆ ಅದೇ ಕೈಯಿಂದ ಅವನ ಗಾಯಕ್ಕೆ ಪಟ್ಟಿ ಕಟ್ಟುತ್ತಾಳೆ, ಕ್ಷಮಿಸಿಲ್ಲ ಅಂತ ಹೇಳಿಯೇ ಕಟ್ಟುತ್ತಾಳೆ. ಕಟಾರಾಳ ಕಥೆಗೆ ಸಿಕ್ಕಿದ್ದು ಒಂದು ಕಂತು, ವಿನ್ರಿಯ ಕಥೆಗೆ ಸಿಕ್ಕಿದ್ದು ಹಲವಾರು ಕಂತುಗಳ ಅಂತರ. ಆ ಅಂತರವೇ ಅದರ ಬಲ.

ಇನ್ನು ಮುಕ್ತಾಯ. ‘ಅವತಾರ್’ ಎಡವಿದ್ದು ಇಲ್ಲೇ, ಅದೂ ನಮಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲಿ. ಎರಡನೇ ಸೀಸನ್ನಿನ 19ನೇ ಕಂತಿನಲ್ಲಿ ಗುರು ಪಥಿಕ್ ಎಂಬ ಮುದುಕ ಆಂಗ್‌ಗೆ ಏಳು ಚಕ್ರಗಳನ್ನು ಬಿಡಿಸಿ ಹೇಳುತ್ತಾನೆ. ಮೊದಲ ನಾಲ್ಕು ಕ್ರಮವಾಗಿ ಭೂಮಿ, ನೀರು, ಬೆಂಕಿ, ಗಾಳಿ. ಮೂಲಾಧಾರ, ಸ್ವಾಧಿಷ್ಠಾನ, ಮಣಿಪೂರ, ಅನಾಹತ ಅಂತ ಕೇಳಿ ಗೊತ್ತಿರುವವರಿಗೆ ಈ ಕ್ರಮ ಸರಿಯಾಗಿದೆ ಅಂತ ಕೂಡಲೇ ತಿಳಿಯುತ್ತದೆ. ಕಥೆಯ ನಾಲ್ಕು ರಾಷ್ಟ್ರಗಳೂ ಅವೇ ನಾಲ್ಕು ತತ್ತ್ವಗಳು. ಒಂದೊಂದು ಚಕ್ರಕ್ಕೂ ಒಂದೊಂದು ಅಡ್ಡಿ: ಭಯ, ತಪ್ಪಿತಸ್ಥ ಭಾವ, ಅವಮಾನ, ಶೋಕ. ಆಂಗ್ ಅನುಭವಿಸಿದ್ದನ್ನೆಲ್ಲ ಒಂದೇ ದಾರಕ್ಕೆ ಪೋಣಿಸುವ ಬಲು ಚೆಂದದ ಬರವಣಿಗೆ. ಏಳನೆಯದಕ್ಕೆ ಮೋಹ ಬಿಡಬೇಕು, ಕಟಾರಾಳ ಮೇಲಿನ ಮೋಹವನ್ನೂ. ಆಂಗ್ ಅರ್ಧಕ್ಕೇ ಎದ್ದು ಓಡುತ್ತಾನೆ. ಮುಂದಿನ ಕಂತಿನಲ್ಲಿ ಬೆನ್ನಿಗೆ ಸಿಡಿಲು ಹೊಡೆದು ಶಕ್ತಿಯೇ ಮುಚ್ಚಿಹೋಗುತ್ತದೆ. ಇದು ದೊಡ್ಡ ಸಾಲ. ತೀರಿದ್ದು ಹೇಗೆ? ಕೊನೆಯ ಯುದ್ಧದಲ್ಲಿ ಬಂಡೆಯೊಂದು ಅವನ ಗಾಯದ ಕಲೆಗೆ ತಾಗುತ್ತದೆ, ಮುಚ್ಚಿದ್ದು ತೆರೆಯುತ್ತದೆ. ಕೊಲ್ಲದೆ ಗೆಲ್ಲುವುದು ಹೇಗೆ ಎಂಬ ಧರ್ಮಸಂಕಟಕ್ಕೂ ಕೊನೆಯ ನಾಲ್ಕು ಕಂತುಗಳಲ್ಲಿ ಎದುರಾಗುವ ಸಿಂಹಮುಖದ ದೈತ್ಯ ಆಮೆಯೊಂದು ಹೊಸ ವಿದ್ಯೆ ಕೊಟ್ಟು ಪರಿಹರಿಸುತ್ತದೆ. ಮೋಹವನ್ನು ಬಿಡಬೇಕಾಗಿಯೂ ಬರುವುದಿಲ್ಲ. ಝೂಕೋನಿಂದ ಪೈಸೆ ಪೈಸೆ ವಸೂಲು ಮಾಡಿದ ಕಥೆ ಆಂಗ್‌ನ ಸಾಲವನ್ನು ಮನ್ನಾ ಮಾಡಿಬಿಟ್ಟಿತು. ಇದಕ್ಕೆ ಸಮಾಧಾನ ಹೇಳುವವರು ಬಹಳ ಜನ ಇದ್ದಾರೆ, ಆದರೆ ಒಪ್ಪಲು ಆಗುವುದಿಲ್ಲ.

‘ಬ್ರದರ್‌ಹುಡ್’ ಹಾಗೆ ಮಾಡುವುದಿಲ್ಲ. ಸತ್ಯದ ಬಾಗಿಲು ಎಂಬ ಕಲ್ಲಿನ ಮಹಾದ್ವಾರವನ್ನು ಎರಡನೇ ಕಂತಿನಲ್ಲೇ ನೋಡಿರುತ್ತೇವೆ. 26ನೇ ಕಂತಿನಲ್ಲಿ ಅದರ ಮುಂದೆ ಆಲ್‌ನ ಮೂಳೆ ಚಕ್ಕಳವಾದ ದೇಹ ಕೂತಿರುತ್ತದೆ. ಮತ್ತೆ ಬಂದು ಕರೆದೊಯ್ಯುತ್ತೇನೆ ಅಂತ ಎಡ್ ಕೂಗಿ ಹೇಳುತ್ತಾನೆ. ಕೊನೆಯಲ್ಲಿ ತಂದೆ ಹೋಹೆನ್‌ಹೈಮ್ ತನ್ನ ಜೀವ ಕೊಡುತ್ತೇನೆ ಅಂದರೂ ಎಡ್ ಒಪ್ಪುವುದಿಲ್ಲ. 63ನೇ ಕಂತಿನಲ್ಲಿ ನೆಲದ ಮೇಲೆ ವೃತ್ತ ಬರೆದು, ತಮ್ಮನಿಗೆ ಬದಲಾಗಿ ತನ್ನ ಬಾಗಿಲನ್ನೇ, ಅಂದರೆ ತನ್ನ ವಿದ್ಯೆಯನ್ನೇ ಬಿಟ್ಟುಕೊಡುತ್ತಾನೆ. ಉತ್ತರ ಮೊದಲಿನಿಂದಲೂ ನಮ್ಮ ಕಣ್ಣೆದುರೇ ಇತ್ತು. ಎಡಗಾಲು ಕೊನೆವರೆಗೂ ಲೋಹದ್ದೇ. ಇಲ್ಲೂ ಒಂದು ಸೋರಿಕೆ ಇದೆ, ಅಭಿಮಾನಿಗಳು ಅದನ್ನು ಮುಚ್ಚಿಡಬಾರದು: ಮನುಷ್ಯರ ಜೀವ ಹಿಂಡಿ ಮಾಡಿದ ಕಲ್ಲನ್ನು ಹುಡುಗರ ದೇಹಕ್ಕೆ ಬಳಸುವುದು ತಪ್ಪು ಅಂತ ಅಷ್ಟು ಕಂತು ಹೇಳಿ, ಮಸ್ಟಾಂಗ್‌ನ ಕಳೆದ ಕಣ್ಣಿಗೆ ಅಂಥದ್ದೇ ಕಲ್ಲನ್ನು ಕೊಡಲಾಗುತ್ತದೆ. ಇಶ್ವಾಲನ್ನು ಮತ್ತೆ ಕಟ್ಟಬೇಕು ಎಂಬ ಷರತ್ತು ಇದೆ, ನಿಜ. ಆದರೂ ಆ ನಿರ್ಧಾರಕ್ಕೆ ಇನ್ನೂ ಹತ್ತು ನಿಮಿಷದ ಸಂಕಟ ಬೇಕಿತ್ತು.

ಈ ವ್ಯತ್ಯಾಸಗಳಿಗೆ ಕಾರಣ ಎರಡು ದೇಶಗಳ ಪ್ರತಿಭೆಯಲ್ಲಿಲ್ಲ, ಕೆಲಸದ ಪದ್ಧತಿಯಲ್ಲಿದೆ. ಅರಾಕಾವಾ ಒಬ್ಬರೇ ಲೇಖಕಿ. ಮಾಂಗಾದ ಕೊನೆಯ ಅಧ್ಯಾಯ 2010ರ ಜೂನ್‌ನಲ್ಲಿ ಬಂತು, ಅನಿಮೆಯ ಕೊನೆಯ ಕಂತು ಜುಲೈ 4ಕ್ಕೆ. ತಲುಪುವ ಊರು ಗೊತ್ತಿದ್ದು ಹೊರಟ ಬಂಡಿ ಅದು. ಅಮೆರಿಕದಲ್ಲಿ ಬಹುಕಾಲ ಕಂತುಗಳನ್ನು ಯಾವ ಕ್ರಮದಲ್ಲಿ ಹಾಕಿದರೂ ನಡೆಯಬೇಕು ಎಂಬ ಲೆಕ್ಕವಿತ್ತು, ಆದ್ದರಿಂದ ಯಾರೂ ಬದಲಾಗುವಂತಿರಲಿಲ್ಲ. ಅದರ ಮೇಲೆ ಚಾನೆಲ್ಲಿನ ನಿಯಮಗಳು. ‘ಅವತಾರ್’ನಲ್ಲಿ ಜೆಟ್ ಎಂಬ ಹುಡುಗ ಸತ್ತನೋ ಇಲ್ಲವೋ ಎಂಬುದನ್ನು ತೆರೆಯ ಮೇಲೆ ನೇರವಾಗಿ ಹೇಳುವುದಿಲ್ಲ, ಮುಂದೆ ನಾಟಕದ ಕಂತೊಂದರಲ್ಲಿ ಪಾತ್ರಗಳೇ ಅದು ಸ್ಪಷ್ಟವಾಗಲಿಲ್ಲ ಅಂತ ಮಾತಾಡಿಕೊಳ್ಳುತ್ತವೆ. ಆದರೆ ಕಟ್ಟುಪಾಡು ಯಾವಾಗಲೂ ನಷ್ಟವಲ್ಲ. 1993ರಲ್ಲಿ ಎಮ್ಮಿ ಪ್ರಶಸ್ತಿ ಪಡೆದ ಬ್ಯಾಟ್‌ಮ್ಯಾನ್ ಸರಣಿಯ ಕಂತಿನಲ್ಲಿ ಸರ್ಕಸ್ಸಿನ ದಂಪತಿ ಬಿದ್ದು ಸಾಯುವುದನ್ನು ತೋರಿಸಲೇ ಇಲ್ಲ. ತುಂಡಾದ ಹಗ್ಗ ಮಾತ್ರ ಖಾಲಿ ತೂಗಿಕೊಂಡು ಬೆಳಕಿಗೆ ಬರುತ್ತದೆ. ಬಿದ್ದ ದೇಹಕ್ಕಿಂತ ಆ ಹಗ್ಗ ಹೆಚ್ಚು ಕಾಡುತ್ತದೆ.

ಧ್ವನಿಯಲ್ಲೂ ಹೀಗೇ. ಅಮೆರಿಕದಲ್ಲಿ ಮೊದಲು ಧ್ವನಿ ಮುದ್ರಿಸಿಕೊಂಡು, ಅದಕ್ಕೆ ತಕ್ಕಂತೆ ಚಿತ್ರ ಬರೆಸುತ್ತಾರೆ. ‘ಅವತಾರ್’ನ ಚಿತ್ರಗಳು ತಯಾರಾದದ್ದು ಕೊರಿಯಾದ ಸ್ಟುಡಿಯೋಗಳಲ್ಲಿ. ಜಪಾನಿನಲ್ಲಿ ಸಾಮಾನ್ಯವಾಗಿ ಚಿತ್ರ ಮೊದಲು, ಧ್ವನಿ ಆಮೇಲೆ. ಹಾಗಾಗಿ ಎರಡನೇ ಸೀಸನ್ನಿನ 15ನೇ ಕಂತಿನಲ್ಲಿ ಐರೋ ಗುಡ್ಡದ ಮೇಲೆ ಸತ್ತ ಮಗನ ಚಿತ್ರದ ಮುಂದೆ ಹಾಡುವಾಗ, ನಟ ಮಾಕೋ ಅವರ ಗಂಟಲು ಕಟ್ಟುವುದನ್ನೇ ಚಿತ್ರ ಹಿಂಬಾಲಿಸುತ್ತದೆ. ಮಾಕೋ 2006ರ ಜುಲೈನಲ್ಲಿ ತೀರಿಕೊಂಡರು. ಆ ಭಾಗವನ್ನು ಅವರಿಗೇ ಅರ್ಪಿಸಿದ್ದಾರೆ.

ಅನಿಮೆ ಅಂದ ಮಾತ್ರಕ್ಕೆ ಆಳ ಅನ್ನುವವರು ‘ನರುಟೊ’ದ ಮೊದಲ ಸರಣಿಯ 220 ಕಂತು ನೋಡಲಿ. ಮಾಂಗಾ ಮುಂದೆ ಹೋಗಲಿ ಅಂತ ಕಾಯುತ್ತಾ ಕೊನೆಯ ಎಂಬತ್ತರ ಹತ್ತಿರದ ಕಂತುಗಳನ್ನು ಬರೀ ತುಂಬುವ ಕಥೆಗಳಿಂದ ನಡೆಸಿದರು. ವಾರಕ್ಕೊಂದರಂತೆ ವರ್ಷಪೂರ್ತಿ ಓಡಿಸಿದರೆ ಆಗುವುದು ಹಾಗೆಯೇ.

ನೋಡಲು ಕೂರುವವರಿಗೆ ಕೆಲವು ಮಾತು. ‘ಅವತಾರ್’ ಕಂತಿಗೆ 23 ನಿಮಿಷ, ಒಟ್ಟು 23 ಗಂಟೆ ದಾಟುತ್ತದೆ. ಇದೇ ಕಥೆಯ 2010ರ ಸಿನಿಮಾ, 2024ರ ನಟರಿರುವ ಸರಣಿ ಬೇರೆ ಬೇರೆ. 2005 ಅಂತ ಇರುವ ಅನಿಮೇಷನ್ನನ್ನೇ ಆರಿಸಿಕೊಳ್ಳಿ. ಮೊದಲ ಸೀಸನ್ನಿನ ಆರಂಭ ಚಿಕ್ಕ ಮಕ್ಕಳಿಗೆ ಮಾಡಿದಂತಿದೆ, 12ನೇ ಕಂತಿನವರೆಗೆ ತಾಳ್ಮೆ ಇರಲಿ. 11ನೆಯದು ‘ದಿ ಗ್ರೇಟ್ ಡಿವೈಡ್’ ಬಿಟ್ಟರೆ ನಷ್ಟವಿಲ್ಲ. ಎಂಟು ವರ್ಷದ ಮಕ್ಕಳ ಜೊತೆ ಕೂತು ನೋಡಬಹುದು.

‘ಬ್ರದರ್‌ಹುಡ್’ ಕಂತಿಗೆ 24 ನಿಮಿಷ, ಒಟ್ಟು ಇಪ್ಪತ್ತೈದೂವರೆ ಗಂಟೆ. ಆರಂಭದ, ಕೊನೆಯ ಹಾಡುಗಳು ತಲಾ ಒಂದೂವರೆ ನಿಮಿಷ. ಹಾರಿಸಿದರೆ ಮೂರು ಗಂಟೆ ಉಳಿಯುತ್ತದೆ. ಆದರೆ ಕೊನೆಯ ಕಂತಿನಲ್ಲಿ ಮುಗಿಯುವವರೆಗೆ ಕೂತಿರಿ. ಒಂದನೇ ಕಂತು ಮಾಂಗಾದಲ್ಲಿ ಇಲ್ಲದ್ದು, ಒಂದೇ ಉಸಿರಿಗೆ ಹತ್ತಾರು ಪಾತ್ರಗಳನ್ನು ಸುರಿಯುತ್ತದೆ. ಗೊಂದಲವಾದರೆ ಎರಡರಿಂದ ಶುರು ಮಾಡಿ. 27ನೆಯದರಲ್ಲಿ ಹೆಚ್ಚಿನ ಪಾಲು ಹಿಂದಿನ ದೃಶ್ಯಗಳೇ. ಗಂಭೀರ ದೃಶ್ಯದ ನಡುವೆ ಮುಖಗಳು ಗೊಂಬೆಯಂತಾಗಿ ಹಾಸ್ಯ ನುಗ್ಗುವುದು ಹಲವರಿಗೆ ಕಿರಿಕಿರಿ. ಹತ್ತು ಕಂತಾದ ಮೇಲೆ ಅಭ್ಯಾಸವಾಗುತ್ತದೆ. ದೊಡ್ಡ ದೋಷ ಮೊದಲ ಹತ್ತು ಕಂತಿನ ಆತುರ. ಇದೇ ಸ್ಟುಡಿಯೋ 2003ರಲ್ಲಿ 51 ಕಂತಿನ ಇನ್ನೊಂದು ಆವೃತ್ತಿ ಮಾಡಿತ್ತು, ಮಾಂಗಾ ಮುಗಿದಿರದ ಕಾರಣ ಅದರ ಅಂತ್ಯವೇ ಬೇರೆ. ಹ್ಯೂಸ್ ಎಂಬ ಅಧಿಕಾರಿಯ ಸಾವು ಅಲ್ಲಿ 25ನೇ ಕಂತಿಗೆ ಬರುತ್ತದೆ, ಇಲ್ಲಿ 10ಕ್ಕೇ. ಅವನು ಮಗಳ ಫೋಟೋ ತೋರಿಸಿ ಎಲ್ಲರ ತಲೆ ತಿನ್ನುವುದನ್ನು ಇನ್ನೂ ಹದಿನೈದು ಕಂತು ನೋಡಿದ್ದರೆ ಆ ಅಂತ್ಯಸಂಸ್ಕಾರದ ದೃಶ್ಯ ಎರಡು ಪಟ್ಟು ನೋಯಿಸುತ್ತಿತ್ತು. ಸಮಯವಿದ್ದವರು 2003ರದ್ದನ್ನು 25ರವರೆಗೆ ನೋಡಿ, ಆಮೇಲೆ ಇದಕ್ಕೆ ಬನ್ನಿ. ಹದಿಮೂರು ದಾಟದ ಮಕ್ಕಳಿಗೆ ಬೇಡ. ದಾಟಿದವರ ಜೊತೆಗೂ ನಾಲ್ಕನೇ ಕಂತಿನ ದಿನ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತಿರಿ.